ಬ್ಲೇಡ್ ಹಿಡಿಯುವ ಮೊದಲು: ಒಂದು ಅನಿಮೋನ್ ಎರಡಾಗುವ ಬಗೆ

ಕಡಲ ಅನಿಮೋನನ್ನು ಹರಿತವಾದ ಬ್ಲೇಡಿನಿಂದ ನಟ್ಟನಡುವೆ ಸೀಳಿದರೆ ಎರಡು ಅನಿಮೋನ್ ಆಗುತ್ತವೆ. ಮೊದಲ ಸಲ ಕೇಳಿದವರು ಇದನ್ನು ನಂಬುವುದಿಲ್ಲ. ನಾನೂ ನಂಬಿರಲಿಲ್ಲ. ನೋಡಲು ಹೂವಿನಂತಿದ್ದರೂ ಅದು ಗಿಡವಲ್ಲ, ಬಾಯಿ, ಹೊಟ್ಟೆ, ಸ್ನಾಯು, ನರ ಎಲ್ಲ ಇರುವ ಪ್ರಾಣಿ. ಆದರೂ ಮಾತು ನಿಜ. ಎರಡು ಹೋಳುಗಳೂ ಸುರುಳಿ ಸುತ್ತಿಕೊಂಡು, ಗಾಯ ಮುಚ್ಚಿಕೊಂಡು, ಕೆಲವು ವಾರಗಳಲ್ಲಿ ಎರಡು ಪೂರ್ತಿ ಪ್ರಾಣಿಗಳಾಗುತ್ತವೆ.

ಆದರೆ ಜನ ಇಷ್ಟು ಕೇಳಿಕೊಂಡು ಬ್ಲೇಡ್ ಹುಡುಕಲು ಹೋಗುತ್ತಾರೆ. ಉಳಿದ ಮಾತು ಅವರಿಗೆ ತಲುಪುವಷ್ಟರಲ್ಲಿ ಮನೆಯಲ್ಲಿ ಅನಿಮೋನ್ ಸಾಕುವ ಅಕ್ವೇರಿಯಂ ಟ್ಯಾಂಕಿನ ನೀರು ಕೆಟ್ಟಿರುತ್ತದೆ. ಉಳಿದ ಮಾತು ಏನೆಂದರೆ, ತಾನಾಗಿ ಸೀಳಿಕೊಳ್ಳುವ ಅಭ್ಯಾಸ ಹುಟ್ಟಿನಿಂದಲೇ ಇರುವ ಜಾತಿಗಳಿಗೆ ಮಾತ್ರ ಬ್ಲೇಡ್ ಒಗ್ಗುತ್ತದೆ. ಅಂಥ ಜಾತಿಗಳಿಗೂ ಸಾಮಾನ್ಯವಾಗಿ ಬ್ಲೇಡ್ ಬೇಕಾಗುವುದೇ ಇಲ್ಲ. ಒಂದನ್ನು ಚೆನ್ನಾಗಿ ಸಾಕಿದರೆ ಎರಡಾಗುವ ಕೆಲಸವನ್ನು ಅದೇ ಮಾಡಿಕೊಳ್ಳುತ್ತದೆ. ಯಾವುದು ಸೀಳಿಕೊಳ್ಳುತ್ತದೆ, ಯಾಕೆ ಸೀಳಿಕೊಳ್ಳುತ್ತದೆ, ನಮ್ಮ ಕೈ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಬಿಡಿಸಿ ಹೇಳುವುದಕ್ಕೇ ಈ ಬರಹ.

ಮೈಕಟ್ಟು

ಅನಿಮೋನ್ ಅಂದರೆ ನೀರು ತುಂಬಿದ ಒಂದು ಚೀಲ. ಕೆಳಗೆ ಕಲ್ಲಿಗೆ ಅಂಟಿಕೊಳ್ಳುವ ಚಪ್ಪಟೆ ಪಾದ. ಅದರ ಮೇಲೆ ಕಂಬದಂಥ ಮೈ. ತುದಿಯಲ್ಲಿ ತಟ್ಟೆಯಂಥ ಅಗಲ ಭಾಗ, ಅದರ ಮೇಲೆ ಬೆರಳಿನಂಥ ಟೆಂಟಕಲ್‌ಗಳು, ನಡುವೆ ಸೀಳಿನಂಥ ಬಾಯಿ. ತಿಂದದ್ದು ಒಳಗೆ ಹೋಗುವುದೂ ಕಸ ಹೊರಗೆ ಬರುವುದೂ ಅದೊಂದೇ ದಾರಿಯಲ್ಲಿ. ಎಲುಬಿಲ್ಲ, ಚಿಪ್ಪಿಲ್ಲ, ಹೃದಯವಿಲ್ಲ, ಮೆದುಳಿಲ್ಲ. ನರಗಳು ಬಲೆಯ ಹಾಗೆ ಮೈಯೆಲ್ಲ ಹರಡಿಕೊಂಡಿವೆ. ಒಳಗಿನ ನೀರಿನ ಒತ್ತಡದಿಂದಲೇ ಅದು ನೆಟ್ಟಗೆ ನಿಲ್ಲುತ್ತದೆ. ಹೆದರಿದಾಗ ಆ ನೀರನ್ನೆಲ್ಲ ಚೆಲ್ಲಿ ಸಣ್ಣ ಮುದ್ದೆಯಾಗುತ್ತದೆ.

ಚೀಲದ ಒಳಗಡೆ ಗೋಡೆಯಿಂದ ನಡುವಿನ ಕಡೆಗೆ ತೆಳ್ಳಗಿನ ಪರದೆಗಳು ಚಾಚಿಕೊಂಡಿರುತ್ತವೆ. ಆಹಾರ ಅರಗುವುದು ಈ ಪರದೆಗಳ ಮೇಲೆ. ಮೈಯನ್ನು ಕೆಳಗೆಳೆಯುವ ಸ್ನಾಯುಗಳು ಇರುವುದು ಇವುಗಳಲ್ಲಿ. ಮೊಟ್ಟೆ ಮತ್ತು ವೀರ್ಯ ತಯಾರಾಗುವುದೂ ಇಲ್ಲೇ. ಮೇಲಿನಿಂದ ನೋಡಿದರೆ ಈ ಪರದೆಗಳು ಬಂಡಿ ಚಕ್ರದ ಅರಗಳ ಹಾಗೆ ಕಾಣುತ್ತವೆ. ಬಾಯಿ ಇರುವ ಜಾಗ ಚಕ್ರದ ನಡುಗುಂಬ.

ಈ ಚಕ್ರದ ಚಿತ್ರ ನೆನಪಿನಲ್ಲಿರಲಿ, ಮುಂದಿನದೆಲ್ಲ ಸುಲಭವಾಗುತ್ತದೆ. ಚಕ್ರವನ್ನು ನಡುಗುಂಬದ ಮೂಲಕ ಎರಡು ಮಾಡಿದರೆ ಪ್ರತಿ ಅರ್ಧದಲ್ಲೂ ಸ್ವಲ್ಪ ಅಂಚು, ಸ್ವಲ್ಪ ಅರ, ಸ್ವಲ್ಪ ಗುಂಬ ಇರುತ್ತದೆ. ಅನಿಮೋನನ್ನು ಮೇಲಿನಿಂದ ಕೆಳಗೆ, ಬಾಯಿಯ ಮೂಲಕ ಸೀಳಿದಾಗಲೂ ಹೀಗೆಯೇ. ಎರಡು ಕಡೆಗೂ ಬಾಯಿಯ ಪಾಲು, ಪರದೆಗಳ ಪಾಲು, ಪಾದದ ಪಾಲು ಸಿಗುತ್ತದೆ. ಆಮೇಲೆ ಪ್ರತಿ ಹೋಳಿಗೆ ಉಳಿಯುವ ಕೆಲಸ ಕತ್ತರಿಸಿದ ಎರಡು ಅಂಚುಗಳನ್ನು ಒಂದಕ್ಕೊಂದು ತಾಗಿಸಿ ಬೆಸೆದುಕೊಳ್ಳುವುದು. ಹಾಳೆಯೊಂದನ್ನು ಸುತ್ತಿ ಕೊಳವೆ ಮಾಡಿದ ಹಾಗೆ. ಬಾಯಿಯನ್ನು ಬಿಟ್ಟು ಪಕ್ಕದಲ್ಲಿ ಕತ್ತರಿಸಿದರೆ ಒಂದು ಹೋಳಿಗೆ ಬಾಯಿಯೇ ಇರುವುದಿಲ್ಲ. ಅದು ಎಲ್ಲವನ್ನೂ ಹೊಸದಾಗಿ ಕಟ್ಟಿಕೊಳ್ಳಬೇಕು. ಅಷ್ಟು ದಿನ ಉಪವಾಸ ಇದ್ದು ಬದುಕುವ ಶಕ್ತಿ ಎಲ್ಲಕ್ಕೂ ಇರುವುದಿಲ್ಲ.

ಹೊಸದಾಗಿ ಕಟ್ಟಿಕೊಳ್ಳುವ ಈ ಶಕ್ತಿಯ ಬಗ್ಗೆ ಮನುಷ್ಯರಿಗೆ ತುಂಬ ಹಿಂದಿನಿಂದಲೂ ಕುತೂಹಲ. ಅನಿಮೋನಿನ ದೂರದ ನೆಂಟ, ಸಿಹಿನೀರಿನ ಹೈಡ್ರಾವನ್ನು ಜಿನೀವಾ ಮೂಲದ ನಿಸರ್ಗ ವಿಜ್ಞಾನಿ ಅಬ್ರಹಾಂ ಟ್ರೆಂಬ್ಲೆ 1740ರ ದಶಕದಲ್ಲಿ ತುಂಡು ಮಾಡಿ ನೋಡಿದರು. ಪ್ರತಿ ತುಂಡೂ ಪೂರ್ತಿ ಪ್ರಾಣಿಯಾದದ್ದು ಆಗಿನ ಯುರೋಪಿನ ವಿದ್ವಾಂಸರನ್ನು ಬೆರಗಾಗಿಸಿತ್ತು. ಈಗ ಪ್ರಯೋಗಾಲಯಗಳಲ್ಲಿ ಆ ಕೆಲಸಕ್ಕೆ ನೆಮಟೊಸ್ಟೆಲ್ಲಾ ಎಂಬ ಪುಟ್ಟ ಅನಿಮೋನನ್ನು ಸಾಕುತ್ತಾರೆ. ಅದರ ಜೀನೋಮ್, ಅಂದರೆ ವಂಶವಾಹಿಗಳ ಪೂರ್ತಿ ನಕ್ಷೆ, 2007ರಲ್ಲಿ ಪ್ರಕಟವಾಯಿತು. ಅದರ ತಲೆಯ ಭಾಗವನ್ನು ಕತ್ತರಿಸಿ ತೆಗೆದರೆ ಸುಮಾರು ಒಂದು ವಾರದಲ್ಲಿ ಹೊಸ ಬಾಯಿ, ಹೊಸ ಟೆಂಟಕಲ್‌ಗಳು ಬಂದಿರುತ್ತವೆ. ನಮ್ಮ ಟ್ಯಾಂಕಿನ ದೊಡ್ಡ ಅನಿಮೋನ್‌ಗಳು ಅಷ್ಟು ಚುರುಕಲ್ಲ.

ಯಾವುದು ಸೀಳಿಕೊಳ್ಳುತ್ತದೆ, ಯಾವುದು ಇಲ್ಲ

ಮನೆಯ ರೀಫ್ ಟ್ಯಾಂಕಿನಲ್ಲಿ, ಅಂದರೆ ಹವಳ, ಕಡಲ ಮೀನು ಸಾಕುವ ಉಪ್ಪುನೀರಿನ ಟ್ಯಾಂಕಿನಲ್ಲಿ, ಮರಿ ಮಾಡಲು ಹೊರಟವರು ಹೆಚ್ಚಾಗಿ ಮಾತಾಡುವುದು ಬಬಲ್ ಟಿಪ್ ಅನಿಮೋನ್ ಬಗ್ಗೆ. ವಿಜ್ಞಾನದಲ್ಲಿ ಇದರ ಹೆಸರು ಎಂಟಕ್ಮಿಯಾ ಕ್ವಾಡ್ರಿಕಲರ್. ಟೆಂಟಕಲ್ಲುಗಳ ತುದಿ ಗುಳ್ಳೆಯ ಹಾಗೆ ಉಬ್ಬುವುದರಿಂದ ಬಬಲ್ ಟಿಪ್ ಎಂಬ ಹೆಸರು ಬಂತು. ಉಬ್ಬದೆಯೂ ಇರಬಹುದು, ಅದಕ್ಕೆ ಗಾಬರಿ ಬೇಡ. ಕಡಲಲ್ಲಿ ಇದು ಎರಡು ರೀತಿಯಲ್ಲಿ ಬದುಕುತ್ತದೆ. ಆಳವಿಲ್ಲದ ನೀರಿನಲ್ಲಿ ಚಿಕ್ಕ ಚಿಕ್ಕವು ಪಕ್ಕಪಕ್ಕದಲ್ಲಿ ಗುಂಪಾಗಿರುತ್ತವೆ. ಅವು ಒಂದೇ ಪ್ರಾಣಿ ಮತ್ತೆ ಮತ್ತೆ ಸೀಳಿಕೊಂಡು ಆದ ಸಂಸಾರ. ಆಳಕ್ಕೆ ಹೋದರೆ ಒಂಟಿಯಾಗಿ, 40 ಸೆಂಟಿಮೀಟರ್ ಅಗಲದವರೆಗೂ ಬೆಳೆದವು ಸಿಗುತ್ತವೆ. ಮನೆಗಳಲ್ಲಿ ಮರಿಯಾಗಿ ಕೈಯಿಂದ ಕೈಗೆ ಹೋಗುವ ಕೆಂಪು ಬಣ್ಣದ ರೋಸ್ ಬಬಲ್ ಟಿಪ್‌ಗಳು ಗುಂಪು ಕಟ್ಟುವ ಬಗೆಯವು. ಬ್ಲೇಡಿಗೂ ಇವೇ ಹೊಂದುತ್ತವೆ.

ಮಿನಿ ಮ್ಯಾಕ್ಸಿ ಎಂದು ಕರೆಯುವ ಪುಟ್ಟ ಕಾರ್ಪೆಟ್ ಅನಿಮೋನ್ ಕೂಡ ಸೀಳಿಕೊಳ್ಳುತ್ತದೆ. ಮ್ಯಾಗ್ನಿಫಿಕ ಎಂಬ ದೊಡ್ಡ, ಸುಂದರ ಜಾತಿ ಕಡಲಿನ ಕೆಲವು ಕಡೆ ಸೀಳಿಕೊಂಡು ಗುಂಪಾಗುತ್ತದೆ. ಆದರೆ ಅದನ್ನು ಟ್ಯಾಂಕಿನಲ್ಲಿ ಬದುಕಿಸುವುದೇ ಅನುಭವಿಗಳಿಗೂ ಕಷ್ಟ. ಮರಿಯ ಆಸೆಯಿಂದ ಅದನ್ನು ತರಬೇಡಿ.

ಇನ್ನು ದೊಡ್ಡ ಕಾರ್ಪೆಟ್ ಅನಿಮೋನ್‌ಗಳಾದ ಜೈಜಾಂಟಿಯಾ, ಹ್ಯಾಡೊನೈ, ಮರ್ಟೆನ್ಸಿ ಒಂಟಿಯಾಗಿಯೇ ಬಾಳುವ ಪ್ರಾಣಿಗಳು. ಉದ್ದ ಟೆಂಟಕಲ್ಲಿನ ಅನಿಮೋನ್ ಮತ್ತು ಸೆಬೆ ಅನಿಮೋನ್ ಕೂಡ ಹಾಗೆಯೇ. ಇವುಗಳಿಗೆ ಬ್ಲೇಡ್ ತಾಗಿಸಬಾರದು. ನಾನು ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಕಡಲಲ್ಲಿ ಹತ್ತಾರು ವರ್ಷ ಬಾಳಬಲ್ಲ ಒಂದು ಪ್ರಾಣಿಯನ್ನು ಪ್ರಯೋಗಕ್ಕೆಂದು ಸೀಳಿ, ಮೂರನೇ ದಿನ ಲೋಳೆಯನ್ನು ಬಾಚಿ ಎಸೆಯುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಈ ಪಟ್ಟಿಯ ಆಚೆ ಒಂದು ಪಿಡುಗಿದೆ, ಐಪ್ಟೇಸಿಯ. ಕಂದು ಬಣ್ಣದ, ಗಾಜಿನಂತೆ ಪಾರದರ್ಶಕವಾದ ಸಣ್ಣ ಅನಿಮೋನ್. ಲೈವ್ ರಾಕ್, ಅಂದರೆ ಸಣ್ಣ ಜೀವಿಗಳಿರುವ ಕಡಲ ಕಲ್ಲಿನ ಜೊತೆ ಗೊತ್ತಿಲ್ಲದೆ ಬಂದುಬಿಡುತ್ತದೆ. ಇದು ಸೀಳಿಕೊಳ್ಳುವ ಬದಲು ಬೇರೆ ದಾರಿ ಹಿಡಿದಿದೆ. ನಡೆಯುವಾಗ ಪಾದದ ಅಂಚಿನ ಸಣ್ಣ ಸಣ್ಣ ಚೂರುಗಳನ್ನು ಹಿಂದೆ ಬಿಟ್ಟು ಹೋಗುತ್ತದೆ, ಪ್ರತಿ ಚೂರೂ ಹೊಸ ಅನಿಮೋನ್ ಆಗುತ್ತದೆ. ಇದನ್ನು ಕೆರೆದು ತೆಗೆಯಲು ಹೋದವರ ಟ್ಯಾಂಕಿನಲ್ಲಿ ಒಂದಿದ್ದದ್ದು ಹತ್ತಾಗುವುದು ಇದಕ್ಕೇ. ಕಲ್ಲನ್ನೇ ಹೊರಗೆ ತೆಗೆಯಿರಿ, ಇಲ್ಲವೇ ಇದನ್ನು ತಿನ್ನುವ ಪೆಪ್ಪರ್‌ಮಿಂಟ್ ಸಿಗಡಿಯನ್ನು ಬಿಡಿ. ಬ್ಲೇಡ್ ಮಾತ್ರ ಬೇಡ.

ಸೀಳಿಕೊಳ್ಳುವುದು ಯಾಕೆ?

ಇಲ್ಲಿ ತುಂಬ ಜನ ಎಡವುತ್ತಾರೆ. ಬಬಲ್ ಟಿಪ್ ಎರಡಾಯಿತು ಅಂದರೆ ಎಲ್ಲ ಚೆನ್ನಾಗಿದೆ ಎಂದು ಖುಷಿಪಡುತ್ತಾರೆ. ಕೆಲವು ಸಲ ಅದು ನಿಜ. ಹೊಟ್ಟೆ ತುಂಬ ತಿಂದು, ಬೆಳಕು ಸಿಕ್ಕಿ, ದೊಡ್ಡದಾಗಿ ಬೆಳೆದದ್ದು ಎರಡಾಗುತ್ತದೆ. ಆದರೆ ಕಷ್ಟ ಬಂದಾಗಲೂ ಅದು ಸೀಳಿಕೊಳ್ಳುತ್ತದೆ. ಒಮ್ಮೆಲೇ ಜಾಸ್ತಿ ನೀರು ಬದಲಿಸಿದಾಗ, ಉಪ್ಪಿನಂಶ ಏರುಪೇರಾದಾಗ, ಹೊಸ ದೀಪ ಹಾಕಿದಾಗ, ಬಿಸಿ ಏರಿದಾಗ ಹೀಗಾಗುವುದುಂಟು.

ಎರಡನ್ನೂ ಬೇರೆ ಮಾಡಿ ನೋಡುವುದು ಕಷ್ಟವಲ್ಲ. ಪುಷ್ಟಿಯಿಂದ ಎರಡಾದರೆ ಮರಿಗಳು ದಪ್ಪಗಿರುತ್ತವೆ, ಬಣ್ಣ ಗಾಢವಾಗಿರುತ್ತದೆ, ಒಂದೆರಡು ದಿನಗಳಲ್ಲೇ ಟೆಂಟಕಲ್ ಅರಳಿಸಿ ನಿಲ್ಲುತ್ತವೆ. ಕಷ್ಟದಿಂದ ಎರಡಾದರೆ ಮರಿಗಳು ಬಿಳಿಚಿಕೊಂಡಿರುತ್ತವೆ, ಬೆಳೆಯುವ ಮೊದಲೇ ಮತ್ತೆ ಸೀಳಿಕೊಳ್ಳುತ್ತವೆ. ತಿಂಗಳುಗಟ್ಟಲೆ ನೋಡಿದರೂ ಎಲ್ಲವೂ ನಾಣ್ಯದಷ್ಟೇ ಇರುತ್ತವೆ. ಎಂಟು ಅನಿಮೋನ್ ಇವೆ ಎಂದು ಎಣಿಸಿಕೊಳ್ಳಬಹುದು, ಆದರೆ ಅಲ್ಲಿ ನಿಜಕ್ಕೂ ಇರುವುದು ಎಂಟು ಚೂರಾಗಿ ಸೊರಗುತ್ತಿರುವ ಒಂದು ಪ್ರಾಣಿ. ಬೇಕೆಂದೇ ನೀರನ್ನು ಏರುಪೇರು ಮಾಡಿ ಸೀಳಿಸುವವರೂ ಇದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ. ಬ್ಲೇಡಿನ ಗಾಯವಾದರೂ ಒಂದೇ ಸಲ ಆಗಿ ಮುಗಿಯುತ್ತದೆ, ಕೆಟ್ಟ ನೀರಿನ ಪೆಟ್ಟು ಟ್ಯಾಂಕಿನಲ್ಲಿರುವ ಎಲ್ಲಕ್ಕೂ ಬೀಳುತ್ತದೆ.

ಬಿಳಿಚುವುದು ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅನಿಮೋನಿನ ಮೈಯ ಜೀವಕೋಶಗಳ ಒಳಗೆ ಝೂಕ್ಸಾಂತೆಲ್ಲೆ ಎಂಬ ಸೂಕ್ಷ್ಮ ಪಾಚಿ ವಾಸವಾಗಿರುತ್ತದೆ. ಅದು ಬೆಳಕಿನಿಂದ ಆಹಾರ ಮಾಡಿ ಅದರಲ್ಲಿ ದೊಡ್ಡ ಪಾಲನ್ನು ಅನಿಮೋನ್‌ಗೆ ಕೊಡುತ್ತದೆ. ಅನಿಮೋನಿನ ಮೈಯ ಕಂದು ಛಾಯೆ ಬರುವುದು ಈ ಪಾಚಿಯಿಂದಲೇ. ಬಿಸಿ ಏರಿದಾಗ ಅಥವಾ ಬೆಳಕು ತೀರಾ ಕಮ್ಮಿಯಾದಾಗ ಈ ಪಾಚಿ ಹೊರಟುಹೋಗುತ್ತದೆ. ಆಗ ಅನಿಮೋನ್ ಹಾಲಿನಂತೆ ಬೆಳ್ಳಗಾಗುತ್ತದೆ. ಅಂಗಡಿಯಲ್ಲಿ ನೋಡುವಾಗ ಈ ಬಿಳಿ ತುಂಬ ಚೆಂದ ಕಾಣುತ್ತದೆ, ಆದರೆ ಅದು ಹಸಿದಿರುವ ಪ್ರಾಣಿ. ಕಣ್ಣು ಕುಕ್ಕುವ ಹಳದಿ ಬಣ್ಣದವು ಇನ್ನೂ ಅನುಮಾನದವು, ಬಿಳಿಚಿದ್ದಕ್ಕೆ ಬಣ್ಣ ಹಾಕಿ ಮಾರುವುದುಂಟು. ಬಿಳಿಚಿದ ಅನಿಮೋನನ್ನು ಎಂದಿಗೂ ಕತ್ತರಿಸಬಾರದು. ಮೊದಲು ತಿಂಗಳುಗಟ್ಟಲೆ ಸಣ್ಣ ಸಣ್ಣ ತುತ್ತು ಕೊಟ್ಟು ಬಣ್ಣ ಮರಳಿ ಬರುವವರೆಗೆ ಸಾಕಬೇಕು.

ಕಾಯುವ ದಾರಿ

ಅನಿಮೋನ್ ತಾನಾಗಿ ಎರಡಾಗಬೇಕು ಅಂದರೆ ನಾವು ಮಾಡಬೇಕಾದದ್ದು ಏರುಪೇರಿಲ್ಲದ ನೀರು ಕೊಡುವುದು, ಹೊಟ್ಟೆಗೆ ಕೊಡುವುದು, ಆಮೇಲೆ ಸುಮ್ನೆ ಇರುವುದು. ಮೂರನೆಯದೇ ಕಷ್ಟ, ಅಲ್ವಾ?

ಟ್ಯಾಂಕ್ ಕನಿಷ್ಠ ಆರು ತಿಂಗಳು ಹಳೆಯದಾಗಿರಲಿ, ವರ್ಷವಾಗಿದ್ದರೆ ಇನ್ನೂ ಒಳ್ಳೆಯದು. ಹೊಸ ಟ್ಯಾಂಕಿನ ನೀರು ಪರೀಕ್ಷೆಯಲ್ಲಿ ಸರಿ ತೋರಿದರೂ ವಾರದಿಂದ ವಾರಕ್ಕೆ ಓಲಾಡುತ್ತಿರುತ್ತದೆ. ಉಪ್ಪಿನಂಶ ಲೀಟರಿಗೆ 35 ಗ್ರಾಂ ಆಸುಪಾಸು, ಅಂದರೆ ಸಾಪೇಕ್ಷ ಸಾಂದ್ರತೆ 1.025ರಿಂದ 1.026. ಬಿಸಿ 25ರಿಂದ 27 ಡಿಗ್ರಿ ಸೆಲ್ಸಿಯಸ್. ಅಮೋನಿಯ, ನೈಟ್ರೈಟ್ ಸೊನ್ನೆ. ನೈಟ್ರೇಟ್ ಸ್ವಲ್ಪ ಇದ್ದರೆ ತೊಂದರೆಯಿಲ್ಲ, ಮೈಯೊಳಗಿನ ಪಾಚಿಗೂ ಅದು ಬೇಕು. ತಾಮ್ರ ಮಾತ್ರ ಒಂದಿಷ್ಟೂ ಇರಬಾರದು. ಮೀನಿನ ರೋಗಕ್ಕೆ ತಾಮ್ರದ ಔಷಧಿ ಹಾಕಿದ್ದ ಟ್ಯಾಂಕಿನಲ್ಲಿ ಅನಿಮೋನ್ ಇಡಲು ಹೋಗಬೇಡಿ.

ಟ್ಯಾಂಕಿನೊಳಗೆ ನೀರು ಹರಿಸುವ ಪಂಪಿಗೆ, ಅಂದರೆ ಪವರ್‌ಹೆಡ್‌ಗೆ, ಸ್ಪಂಜಿನ ಕವಚ ಅಥವಾ ಜಾಲರಿ ಹಾಕುವುದನ್ನು ಮರೆಯಬಾರದು. ಅನಿಮೋನ್ ನಡೆಯುತ್ತದೆ. ಜಾಗ ಇಷ್ಟವಾಗದಿದ್ದರೆ ಪಾದ ಎಳೆದುಕೊಂಡು ರಾತ್ರೋರಾತ್ರಿ ಟ್ಯಾಂಕಿನ ಇನ್ನೊಂದು ತುದಿಗೆ ಹೋಗಿರುತ್ತದೆ. ದಾರಿಯಲ್ಲಿ ತಿರುಗುವ ಪಂಪ್ ಸಿಕ್ಕಿದರೆ ಚೂರುಚೂರು. ಅದರಿಂದ ಅನಿಮೋನ್ ಸಾಯುವುದಷ್ಟೇ ಅಲ್ಲ, ನೀರೂ ಕೆಟ್ಟು ಮೀನುಗಳೂ ಹೋಗಬಹುದು. ಹೊಸದಾಗಿ ಎರಡಾದ ಮರಿಗಳು ಇನ್ನೂ ಜಾಸ್ತಿ ತಿರುಗಾಡುತ್ತವೆ.

ಆಹಾರಕ್ಕೆ ಉಪ್ಪು ಮಸಾಲೆ ಏನೂ ಹಾಕದ ಹಸಿ ಸಿಗಡಿಯ ಚೂರು ಅಥವಾ ಮೈಸಿಸ್ ಎಂಬ ಪುಟ್ಟ ಸಿಗಡಿಯಂಥ ಜೀವಿ ಸಾಕು. ವಾರಕ್ಕೆ ಒಂದೆರಡು ಸಲ, ಬಾಯಿಗಿಂತ ಚಿಕ್ಕ ತುತ್ತು. ಬೇಗ ಬೆಳೆಯಲಿ ಎಂದು ದೊಡ್ಡ ತುಂಡು ಕೊಟ್ಟರೆ ಅದನ್ನು ನುಂಗಿ, ಅರಗಿಸಲಾಗದೆ, ಮಾರನೆಯ ದಿನ ಲೋಳೆ ಸಮೇತ ಉಗುಳುತ್ತದೆ. ಆ ಕೊಳೆತ ತುಂಡು ನೀರಿಗೆ ಕೆಟ್ಟದ್ದು, ಪಟ್ಟ ಶ್ರಮ ಅನಿಮೋನ್‌ಗೂ ದಂಡ.

ಎರಡಾಗುವಾಗ ಏನು ಕಾಣುತ್ತದೆ? ಮೊದಲು ಪಾದ ಎರಡು ದಿಕ್ಕಿಗೆ ಹಿಗ್ಗುತ್ತದೆ, ಒಂದು ಪಾಲು ಈ ಕಡೆ, ಇನ್ನೊಂದು ಪಾಲು ಆ ಕಡೆ ನಡೆಯಲು ಹೊರಟ ಹಾಗೆ. ದುಂಡಗಿದ್ದ ತಟ್ಟೆ ಉದ್ದವಾಗುತ್ತದೆ. ಬಾಯಿ ಎಳೆದ ಹಾಗೆ ಕಾಣುತ್ತದೆ. ನಡುವಿನ ಮೈ ತೆಳ್ಳಗಾಗುತ್ತಾ ಕೊನೆಗೆ ಎರಡರ ನಡುವೆ ಒಂದು ಸಣ್ಣ ಸೇತುವೆಯಷ್ಟೇ ಉಳಿಯುತ್ತದೆ, ಆಮೇಲೆ ಅದೂ ಹರಿಯುತ್ತದೆ. ಕೆಲವಕ್ಕೆ ಕೆಲವು ಗಂಟೆ ಸಾಕು, ಕೆಲವಕ್ಕೆ ದಿನಗಳೇ ಬೇಕು. ಈ ಹೊತ್ತಿನಲ್ಲಿ ಅದು ಸತ್ತೇಹೋಯಿತು ಅನ್ನಿಸುವಷ್ಟು ಮುದುಡಿ, ಹರಿದು, ಕೆಟ್ಟದಾಗಿ ಕಾಣುತ್ತದೆ. ನನ್ನ ಮೊದಲ ಬಬಲ್ ಟಿಪ್ ಹೀಗೆ ಎರಡು ದಿನ ಸೇತುವೆ ಉಳಿಸಿಕೊಂಡು ನಿಂತಿತ್ತು. ತಡೆಯಲಾರದೆ ನಾನು ಕೈ ಹಾಕಿ ಅದನ್ನು ಬಿಡಿಸಿದೆ. ದೊಡ್ಡ ಪಾಲು ಉಳಿಯಿತು, ಚಿಕ್ಕದು ಉಳಿಯಲಿಲ್ಲ. ಆಮೇಲೆ ಅಂಥ ಸಮಯದಲ್ಲಿ ನಾನು ಟ್ಯಾಂಕಿಗೆ ಕೈಯೇ ಹಾಕಿಲ್ಲ.

ಬ್ಲೇಡಿನ ದಾರಿ

ಹಾಗಾದರೆ ಕತ್ತರಿಸುವುದು ಯಾವಾಗ? ಅನಿಮೋನ್ ಟ್ಯಾಂಕಿಗೆ ಮೀರಿ ಬೆಳೆದು ಅಕ್ಕಪಕ್ಕದ ಹವಳಗಳನ್ನು ಕುಟುಕುತ್ತಿದ್ದರೆ, ಅಥವಾ ಇರುವುದು ಒಂದೇ, ಅದಕ್ಕೇನಾದರೂ ಆದರೆ ಎಂಬ ಭಯಕ್ಕೆ ಇನ್ನೊಂದನ್ನು ಬೇರೆ ಟ್ಯಾಂಕಿನಲ್ಲಿ ಇಡಬೇಕೆಂದಿದ್ದರೆ. ಪ್ರಾಣಿ ಬಬಲ್ ಟಿಪ್ ಆಗಿರಬೇಕು, ಅರಳಿದಾಗ ಅಂಗೈಗಿಂತ ದೊಡ್ಡದಿರಬೇಕು, ಬಣ್ಣ ಗಾಢವಾಗಿರಬೇಕು, ಬಾಯಿ ಬಿಗಿಯಾಗಿ ಮುಚ್ಚಿರಬೇಕು, ತಿಂಗಳುಗಳಿಂದ ಚೆನ್ನಾಗಿ ತಿನ್ನುತ್ತಿರಬೇಕು. ಇದರಲ್ಲಿ ಒಂದು ತಪ್ಪಿದರೂ ಬ್ಲೇಡನ್ನು ವಾಪಸ್ ಇಟ್ಟುಬಿಡಿ. ಕತ್ತರಿಸುವ ಮೊದಲಿನ ಎರಡು ಮೂರು ದಿನ ಏನೂ ತಿನ್ನಿಸಬೇಡಿ, ಹೊಟ್ಟೆ ಖಾಲಿಯಿರಲಿ.

ಇಡೀ ಕೆಲಸದಲ್ಲಿ ಅತಿ ಅಪಾಯದ ಘಟ್ಟ ಕತ್ತರಿಸುವುದಲ್ಲ, ಕಲ್ಲಿನಿಂದ ಬಿಡಿಸುವುದು. ಅನಿಮೋನಿನ ಪಾದ ತುಂಬ ಸೂಕ್ಷ್ಮ. ಎಳೆದು ಕಿತ್ತರೆ ಹರಿಯುತ್ತದೆ. ಹರಿದ ಪಾದ ಕೊಳೆಯಲು ಶುರುವಾದರೆ ಉಳಿಸುವುದು ಕಷ್ಟ. ಬ್ಲೇಡಿನ ನೇರ ಗಾಯ ಬೇಗ ಮಾಯುತ್ತದೆ, ಚಿಂದಿಯಾದ ಅಂಚು ಮಾಯುವುದಿಲ್ಲ. ಆದ್ದರಿಂದ ಮೊದಲೇ ಯೋಚಿಸಿ, ಎತ್ತಿ ತೆಗೆಯಬಹುದಾದ ಚಿಕ್ಕ ಕಲ್ಲಿನ ಮೇಲೆ ಅದು ಕೂರುವ ಹಾಗೆ ಮಾಡಿಕೊಳ್ಳಿ. ಬಿಡಿಸುವಾಗ ಬೆರಳ ತುದಿಯಿಂದ ಪಾದದ ಒಂದು ಅಂಚನ್ನು ಮೆಲ್ಲಗೆ ತಳ್ಳುತ್ತಾ ಬನ್ನಿ, ಬಿಟ್ಟಷ್ಟು ಬಿಡಲಿ, ನಿಲ್ಲಿಸಿ, ಮತ್ತೆ ತಳ್ಳಿ. ಸಣ್ಣ ಪಂಪಿನ ನೀರಿನ ಧಾರೆಯನ್ನು ಪಾದಕ್ಕೆ ಹಾಯಿಸಿದರೂ ತಾನೇ ಬಿಡುತ್ತದೆ. ಕಲ್ಲಿನ ಹಿಂಭಾಗಕ್ಕೆ ಐಸ್ ತುಂಡು ಒತ್ತಿ ಹಿಡಿಯುವುದೂ ಒಂದು ಉಪಾಯ, ತಣ್ಣಗಾದ ಜಾಗವನ್ನು ಅದು ಬಿಟ್ಟು ಸರಿಯುತ್ತದೆ. ಗಾಜಿಗೆ ಅಂಟಿದ್ದರೆ ತೆಳ್ಳಗಿನ ಪ್ಲಾಸ್ಟಿಕ್ ಕಾರ್ಡನ್ನು ಕೆಳಗೆ ತೂರಿಸಬಹುದು. ಅರ್ಧ ಗಂಟೆ ಹಿಡಿದರೂ ಹಿಡಿಯಲಿ.

ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಟೆಂಟಕಲ್ಲುಗಳ ಮೇಲಿರುವ ಲಕ್ಷಾಂತರ ಕುಟುಕು ಕೋಶಗಳಲ್ಲಿ ಒಂದೊಂದರಲ್ಲೂ ಸುತ್ತಿಟ್ಟ ವಿಷದ ದಾರವಿರುತ್ತದೆ, ಮುಟ್ಟಿದ ತಕ್ಷಣ ಸಿಡಿಯುತ್ತದೆ. ಬಬಲ್ ಟಿಪ್ ಮುಟ್ಟಿದರೆ ಅಂಗೈಗೆ ಅಂಟಂಟಾದ ಅನುಭವವಷ್ಟೇ ಆಗಬಹುದು. ಆದರೆ ತೆಳು ಚರ್ಮಕ್ಕೂ ಕಣ್ಣಿಗೂ ಅದು ಉರಿ, ಅಲರ್ಜಿ ಇರುವವರಿಗೆ ಅದಕ್ಕಿಂತ ಗಂಭೀರ.

ಬೇಕಾದ ಸಾಮಾನು ಜಾಸ್ತಿಯಿಲ್ಲ. ಹೊಚ್ಚ ಹೊಸ ಬ್ಲೇಡ್ ಅಥವಾ ಸ್ಕಾಲ್ಪೆಲ್, ಚೆನ್ನಾಗಿ ತೊಳೆದ ಪ್ಲಾಸ್ಟಿಕ್ ಹಲಗೆ, ಟ್ಯಾಂಕಿನದ್ದೇ ನೀರು ತುಂಬಿದ ಎರಡು ಡಬ್ಬಿ, ಪಕ್ಕಗಳಲ್ಲಿ ತೂತುಗಳಿರುವ ಒಂದು ಪ್ಲಾಸ್ಟಿಕ್ ಬುಟ್ಟಿ. ಹಲಗೆ, ಬುಟ್ಟಿ ಯಾವುದರಲ್ಲೂ ಸೋಪಿನ ಅಂಶ ಉಳಿದಿರಬಾರದು. ಸಿಹಿನೀರಿನಲ್ಲಿ ಅನಿಮೋನನ್ನು ತೊಳೆಯಲೇಬಾರದು.

ನೀರಿನಿಂದ ಎತ್ತಿದಾಗ ಅದು ನೀರು ಚೆಲ್ಲಿ ಮುದ್ದೆಯಾಗುತ್ತದೆ. ಅದು ಒಳ್ಳೆಯದೇ, ಚಿಕ್ಕದಾದಷ್ಟೂ ಗಾಯ ಚಿಕ್ಕದು. ಬಾಯಿ ಮೇಲೆ, ಪಾದ ಕೆಳಗೆ ಬರುವಂತೆ ಹಲಗೆಯ ಮೇಲಿಡಿ. ಬಾಯಿ ಎಲ್ಲಿದೆ ಎಂದು ಗುರುತಿಸಿಕೊಳ್ಳುವವರೆಗೆ ಬ್ಲೇಡ್ ಮುಟ್ಟಬೇಡಿ. ಆಮೇಲೆ ಬಾಯಿಯ ನಡುವಿನಿಂದ ಪಾದದವರೆಗೆ ಒಂದೇ ಒತ್ತು. ಗರಗಸದ ಹಾಗೆ ಹಿಂದೆ ಮುಂದೆ ಎಳೆಯಬಾರದು. ಹೋಳುಗಳು ಎರಡೇ ಇರಲಿ. ನಾಲ್ಕು ಮಾಡಿದರೂ ಬದುಕುತ್ತವೆ ಎಂದು ಹೇಳುವವರಿದ್ದಾರೆ, ಬದುಕಿದ್ದೂ ಇರಬಹುದು. ಆದರೆ ಗಾಯದ ಪಾಲು ಹೆಚ್ಚಾದಂತೆ ಉಳಿದ ಮೈ ಕಮ್ಮಿಯಾಗುತ್ತದೆ. ಆ ಆಸೆ ಬೇಡ.

ಕತ್ತರಿಸಿದ ಕಡೆಯಿಂದ ಲೋಳೆ ಮತ್ತು ಬಿಳಿ ದಾರದಂಥ ಎಳೆಗಳು ಹೊರಬರುತ್ತವೆ. ಆ ಎಳೆಗಳು ಒಳಗಿನ ಪರದೆಗಳ ಅಂಚುಗಳು. ಅವನ್ನು ಕಿತ್ತು ಸ್ವಚ್ಛ ಮಾಡಲು ಹೋಗಬೇಡಿ. ಹೋಳುಗಳನ್ನು ಮೊದಲ ಡಬ್ಬಿಯಲ್ಲಿ ಅದ್ದಿ, ಲೋಳೆ ಬಿಟ್ಟ ಮೇಲೆ ಎರಡನೆಯದಕ್ಕೆ ಹಾಕಿ, ಅಲ್ಲಿಂದ ಬುಟ್ಟಿಗೆ. ಬುಟ್ಟಿಯನ್ನು ಟ್ಯಾಂಕಿನ ಒಳಗೆ, ನೀರು ನಿಧಾನವಾಗಿ ಹರಿಯುವ, ಬೆಳಕು ಸ್ವಲ್ಪ ಮಂದವಿರುವ ಕಡೆ ಇಡಿ. ಬುಟ್ಟಿ ಯಾಕೆಂದರೆ ಮೊದಲ ದಿನ ಅವಕ್ಕೆ ಅಂಟಿಕೊಳ್ಳುವ ಶಕ್ತಿ ಇರುವುದಿಲ್ಲ, ತೇಲಿಕೊಂಡು ಪಂಪಿನ ಬಾಯಿಗೋ ಹವಳದ ಮೇಲೋ ಹೋಗುತ್ತವೆ. ಅನಿಮೋನಿನ ಟೆಂಟಕಲ್ಲುಗಳ ನಡುವೆ ಮನೆ ಮಾಡುವ ಕ್ಲೌನ್ ಮೀನುಗಳಿಂದಲೂ ಈ ಬುಟ್ಟಿ ಕಾಪಾಡುತ್ತದೆ. ಅವು ಪ್ರೀತಿಯಿಂದಲೇ ಬಂದು ಉಜ್ಜಿ, ಗುದ್ದಿ, ಮಾಯುತ್ತಿರುವ ಗಾಯವನ್ನು ಬಿಚ್ಚಿಬಿಡುತ್ತವೆ. ನೀರಿಗೆ ಬಿದ್ದ ಲೋಳೆ ಹೀರಲು ಆಕ್ಟಿವೇಟೆಡ್ ಕಾರ್ಬನ್ ಹಾಕಿ, ನೊರೆಯ ಜೊತೆ ನೀರಿನ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಓಡುತ್ತಿರಲಿ, ಮಾರನೆಯ ದಿನ ಸ್ವಲ್ಪ ನೀರು ಬದಲಿಸಿ.

ಆಮೇಲೆ ಕಾಯುವುದು. ಮೊದಲ ದಿನ ಹೋಳುಗಳು ಒಳಮುಖವಾಗಿ ಸುರುಳಿ ಸುತ್ತಿಕೊಂಡಿರುತ್ತವೆ. ಎರಡು ಮೂರು ದಿನಗಳಲ್ಲಿ ಪಾದ ಅಂಟಿಕೊಳ್ಳುತ್ತದೆ, ಟೆಂಟಕಲ್‌ಗಳು ಹೊರಗೆ ಬರುತ್ತವೆ. ಆಗ ಮೇಲಿನಿಂದ ನೋಡಿದರೆ ಅರ್ಧಚಂದ್ರದ ಆಕಾರ. ಒಂದು ವಾರದ ಹೊತ್ತಿಗೆ ಚಂದ್ರನ ಎರಡು ಕೊಂಬುಗಳು ಒಂದಕ್ಕೊಂದು ತಾಗಿರುತ್ತವೆ. ಎರಡು ಮೂರು ವಾರಗಳಲ್ಲಿ ಅಂಚಿನಲ್ಲಿದ್ದ ಬಾಯಿ ನಡುವಿಗೆ ಬಂದು ದುಂಡಗಾಗುತ್ತದೆ. ಬಾಯಿ ಸರಿಯಾದ ಮೇಲೆಯೇ ಮೊದಲ ತುತ್ತು, ಅದೂ ಒಂದೇ ಒಂದು ಮೈಸಿಸ್.

ಕೆಟ್ಟ ಸೂಚನೆಗಳೂ ಸ್ಪಷ್ಟವಾಗಿಯೇ ಇರುತ್ತವೆ. ಹೋಳು ಮುದುಡುವುದು, ಮತ್ತೆ ಅರಳುವುದು ಸಹಜ. ಮೆತ್ತಗೆ ಕರಗಿ, ಮುಟ್ಟಿದರೆ ಕೈಯಲ್ಲಿ ಬಿಡಿಬಿಡಿಯಾಗಿ ಬಂದು, ಕೊಳೆತ ನಾತ ಹೊಡೆದರೆ ಅದು ಮುಗಿದ ಹಾಗೆ. ಇನ್ನೊಂದು ರಾತ್ರಿ ನೋಡೋಣ ಎಂದು ಬಿಡಬೇಡಿ. ಆಗಿಂದಾಗಲೇ ತೆಗೆದುಹಾಕಿ, ಅಮೋನಿಯ ಪರೀಕ್ಷಿಸಿ. ಒಂದು ಹೋಳು ಹೋದರೂ ಇನ್ನೊಂದು ಉಳಿಯುವುದು ಆಗಾಗ ಆಗುತ್ತದೆ.

ತದ್ರೂಪುಗಳ ಸಂಸಾರ

ಸೀಳಿಕೊಂಡು ಆದವುಗಳೆಲ್ಲ ಒಂದೇ ಪ್ರಾಣಿಯ ತದ್ರೂಪುಗಳು. ಬಣ್ಣ, ಸ್ವಭಾವ ಒಂದೇ. ಇನ್ನೊಂದು ವಿಷಯವೂ ಒಂದೇ, ಅದನ್ನು ಬಹಳ ಜನ ಯೋಚಿಸಿರುವುದಿಲ್ಲ. ಬಬಲ್ ಟಿಪ್‌ನಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಮೊದಲು ತಂದದ್ದು ಹೆಣ್ಣಾಗಿದ್ದರೆ ಅದರಿಂದ ಆದ ಇಪ್ಪತ್ತೂ ಹೆಣ್ಣೇ. ಟ್ಯಾಂಕಿನ ತುಂಬ ಅನಿಮೋನ್ ಇದ್ದರೂ ಅವುಗಳ ನಡುವೆ ಮೊಟ್ಟೆ ಫಲಿಸಿ ಮರಿಯಾಗುವ ಮಾತೇ ಇಲ್ಲ. ಫಲಿಸಿದರೂ ಮುಂದೆ ಹುಟ್ಟುವುದು ನೀರಿನಲ್ಲಿ ಈಜಾಡುವ ಸೂಕ್ಷ್ಮ ಲಾರ್ವಾ. ಮನೆಯ ಟ್ಯಾಂಕಿನ ಫಿಲ್ಟರು, ಸ್ಕಿಮ್ಮರುಗಳನ್ನು ದಾಟಿ ಅದು ಬದುಕುವುದು ತೀರಾ ಅಪರೂಪ.

ತದ್ರೂಪುಗಳು ಒಂದನ್ನೊಂದು ಗುರುತಿಸುತ್ತವೆ ಎಂಬುದು ನನಗೆ ಇಂದಿಗೂ ಅಚ್ಚರಿ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಬಂಡೆಗಳ ಮೇಲೆ ಅಂಥೊಪ್ಲೂರಾ ಎಲಿಗಾಂಟಿಸ್ಸಿಮಾ ಎಂಬ ಅನಿಮೋನ್ ಸೀಳಿಕೊಂಡು ಸೀಳಿಕೊಂಡು ದೊಡ್ಡ ಹಾಸು ಕಟ್ಟುತ್ತದೆ. ಎರಡು ಬೇರೆ ಸಂಸಾರಗಳು ಎದುರಾದ ಕಡೆ ನಡುವೆ ಒಂದು ಖಾಲಿ ಪಟ್ಟಿ ಉಳಿದಿರುತ್ತದೆ. ಅದು ಗಡಿ. ತಮ್ಮವರ ಟೆಂಟಕಲ್ ತಾಗಿದರೆ ಸುಮ್ಮನಿರುವ ಅನಿಮೋನ್, ಪರರದ್ದು ತಾಗಿದರೆ ವಿಶೇಷ ಕುಟುಕು ಚೀಲಗಳನ್ನು ಉಬ್ಬಿಸಿ ಹೊಡೆಯುತ್ತದೆ. 1973ರಲ್ಲಿ ಪ್ರಕಟವಾದ ಅಧ್ಯಯನಗಳು ಇದನ್ನು ವಿವರವಾಗಿ ತೋರಿಸಿದವು. ಮೆದುಳಿಲ್ಲದ ಪ್ರಾಣಿ ತನ್ನದು ಯಾವುದು, ಪರರದ್ದು ಯಾವುದು ಎಂದು ತಿಳಿಯುತ್ತದೆ! ಬಬಲ್ ಟಿಪ್‌ಗೆ ಅಂಥ ಚೀಲಗಳಿಲ್ಲ. ಆದರೂ ಒಂದೇ ಸಂಸಾರದವು ಟ್ಯಾಂಕಿನಲ್ಲಿ ಮೈಗೆ ಮೈ ತಾಗಿಸಿಕೊಂಡು ಹಾಯಾಗಿರುತ್ತವೆ. ಬೇರೆ ಜಾತಿಯ ಅನಿಮೋನನ್ನು ಅದೇ ಟ್ಯಾಂಕಿಗೆ ತಂದರೆ ಕುಟುಕಾಟ ತಪ್ಪಿದ್ದಲ್ಲ. ಮರಿ ಮಾಡುವ ಟ್ಯಾಂಕಿನಲ್ಲಿ ಒಂದೇ ಜಾತಿ ಇರಲಿ.

ತದ್ರೂಪು ಬೇಡ, ನಿಜವಾದ ಹೊಸ ಮರಿಗಳನ್ನು ನೋಡಬೇಕು ಅನ್ನುವವರಿಗೆ ರಾಕ್ ಫ್ಲವರ್ ಅನಿಮೋನ್ ಇದೆ. ಕೆರಿಬಿಯನ್ ಕಡಲಿನ ಇದು ಹೆಚ್ಚು ತಿರುಗಾಡುವುದಿಲ್ಲ, ಸೀಳಿಕೊಳ್ಳುವ ಗೋಜಿಗೂ ಹೋಗುವುದಿಲ್ಲ. ಆದರೆ ಹಲವು ಬಣ್ಣದವನ್ನು ಹತ್ತಿರ ಹತ್ತಿರ ಇಟ್ಟು ಚೆನ್ನಾಗಿ ತಿನ್ನಿಸಿದರೆ ಒಂದು ದಿನ ತಾಯಿಯ ಬಾಯಿಂದ ಪುಟ್ಟ ಪುಟ್ಟ ಮರಿಗಳು ಹೊರಬರುತ್ತವೆ. ಮೈಯೊಳಗೇ ಬೆಳೆದು, ಟೆಂಟಕಲ್ ಸಮೇತ ತಯಾರಾಗಿ ಬಂದ ಮರಿಗಳು. ಬೆಳೆದ ಮೇಲೆ ತಾಯಿಯ ಬಣ್ಣವೇ ಬರಬೇಕೆಂದಿಲ್ಲ, ಪ್ರತಿಯೊಂದೂ ಬೇರೆ.

ಬಾಯಿಂದ ಮರಿ ಹಾಕುವ ಅನಿಮೋನ್‌ಗಳಲ್ಲಿ ಹೆಸರುವಾಸಿಯಾದದ್ದು ಸ್ಕಾಟ್ಲೆಂಡಿನ ಗ್ರ್ಯಾನಿ, ಅಂದರೆ ಅಜ್ಜಿ. ಅದು ಬೇರೆ ಜಾತಿ, ತಣ್ಣನೆ ನೀರಿನ ಕೆಂಪು ಅನಿಮೋನ್. ಅಲ್ಲಿನ ನಿಸರ್ಗ ವಿಜ್ಞಾನಿ ಸರ್ ಜಾನ್ ಡೇಲಿಯಲ್ ಅದನ್ನು 1828ರಲ್ಲಿ ಕಡಲ ದಂಡೆಯಿಂದ ತಂದು ಗಾಜಿನ ಪಾತ್ರೆಯಲ್ಲಿ ಸಾಕಿದರು. ಅವರು 1851ರಲ್ಲಿ ತೀರಿಕೊಂಡ ಮೇಲೂ ಅಜ್ಜಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಾ 1887ರವರೆಗೆ ಬದುಕಿತ್ತು. ನೂರಾರು ಮರಿಗಳನ್ನೂ ಹಾಕಿತ್ತು. ಆಗ ವಿದ್ಯುತ್ ದೀಪವಿಲ್ಲ, ಪಂಪಿಲ್ಲ, ಪರೀಕ್ಷೆಯ ಕಿಟ್ಟಿಲ್ಲ. ಕಡಲಿನಿಂದ ಹೊಸ ನೀರು ತಂದು ಮತ್ತೆ ಮತ್ತೆ ಬದಲಿಸುತ್ತಾ ಸಾಕಿದ ಪ್ರಾಣಿ ಅದು. ಟ್ಯಾಂಕಿನಲ್ಲಿ ಅನಿಮೋನ್ ವರ್ಷದೊಳಗೆ ಸತ್ತಾಗ ಅದಕ್ಕೆ ವಯಸ್ಸಾಗಿತ್ತು ಎಂದು ಯಾರಾದರೂ ಹೇಳಿದರೆ ನನಗೆ ಈ ಅಜ್ಜಿಯ ನೆನಪಾಗುತ್ತದೆ.

ಕೊನೆಗೆ ಮರಿಗಳನ್ನು ಬೇರೆಯವರಿಗೆ ಕೊಡುವ ವಿಷಯ. ಮನೆಯಲ್ಲಿ ಸೀಳಿಕೊಂಡು ಆದ ಮರಿ ಟ್ಯಾಂಕಿನ ಬೆಳಕಿಗೂ ನೀರಿಗೂ ಒಗ್ಗಿರುತ್ತದೆ, ಕಡಲಿನಿಂದ ಕಿತ್ತು ತಂದದ್ದಕ್ಕಿಂತ ಸುಲಭವಾಗಿ ಬದುಕುತ್ತದೆ. ಅಂಥದ್ದೊಂದು ಕೊಟ್ಟರೆ ಹವಳದ ದಿಬ್ಬದಲ್ಲಿ ಒಂದು ಪ್ರಾಣಿ ಅಲ್ಲೇ ಉಳಿಯಬಹುದು. ಆದರೆ ಅವಸರ ಬೇಡ. ಬಾಯಿ ದುಂಡಗಾಗಿ, ನಾಲ್ಕಾರು ಸಲ ತಿಂದು ಅರಗಿಸಿಕೊಂಡ ಮೇಲೆ ಕೊಡಿ, ಒಂದು ತಿಂಗಳಾದರೂ ಆಗಿರಲಿ. ಗಾಯ ಮಾಯುವ ಹೊತ್ತಿನಲ್ಲೇ ಬುಟ್ಟಿಯ ತಳದಲ್ಲಿ ಚಿಕ್ಕ ಚಿಕ್ಕ ಕಲ್ಲಿನ ಚೂರುಗಳನ್ನು ಹಾಸಿಟ್ಟಿರಿ. ಮರಿ ಅದರಲ್ಲೊಂದನ್ನು ಹಿಡಿದುಕೊಂಡಿರುತ್ತದೆ. ಕೊಡುವಾಗ ಕಲ್ಲಿನ ಸಮೇತ ಎತ್ತಿ ಕೊಟ್ಟರೆ ಪಾದ ಬಿಡಿಸುವ ಕೆಲಸವೇ ಇರುವುದಿಲ್ಲ.